ಹಳೆಯ ಜಾವಾ: ಯಾವ ಮಾದರಿಯನ್ನು ಕೊಳ್ಳಬೇಕು?

ಕಳೆದ ಬೇಸಗೆಯ ರಜೆಯಲ್ಲಿ ಹೊಸದುರ್ಗದ ಕಡೆಯ ವಿದ್ಯಾರ್ಥಿಯೊಬ್ಬನು ನನ್ನ ಮನೆಗೆ ಬಂದು, "ಸಾರ್, ಮೂರು ಗಾಡಿ ನೋಡಿ ಬಂದಿದ್ದೇನೆ. ಯಾವುದನ್ನು ತೆಗೆದುಕೊಳ್ಳಲಿ, ನೀವೇ ಹೇಳಬೇಕು" ಎಂದನು. ಮೂರೂ ಹಳೆಯ ಮೋಟಾರು ಸೈಕಲ್ಲುಗಳು. ಹೊಳಲ್ಕೆರೆಯ ಅಡಕೆ ತೋಟವೊಂದರ ಕೊಟ್ಟಿಗೆಯಲ್ಲಿ 1960ರ ದಶಕದ ಜಾವಾ. ಹಿರಿಯೂರಿನ ಗ್ಯಾರೇಜೊಂದರಲ್ಲಿ ಹೊಸ ಬಣ್ಣ ಬಳಿದುಕೊಂಡು ಮಿರಮಿರನೆ ಮಿಂಚುವ ಯೆಜ್ಡಿ ರೋಡ್‌ಕಿಂಗ್. ಚಿತ್ರದುರ್ಗದಲ್ಲಿ ಎರಡು ಸಿಲಿಂಡರಿನ ಯೆಜ್ಡಿ 350. ಅವನ ಕೈಯಲ್ಲಿದ್ದ ಹಣವಾದರೋ ಅವನ ತಾಯಿ ಎರಡು ವರ್ಷ ಹಾಲು ಮಾರಿ ಕೂಡಿಟ್ಟದ್ದು. ಗಾಡಿ ಮನೆಯ ಮುಂದೆ ನಿಂತು ಶೋಭಿಸಿದರೆ ಸಾಲದು, ದಿನವೂ ಅವನನ್ನು ಕಾಲೇಜಿಗೆ ಮುಟ್ಟಿಸಬೇಕು. "ಹೊಸದನ್ನೇ ಕಂತಿನ ಮೇಲೆ ಕೊಳ್ಳಬಾರದೇನಪ್ಪ?" ಎಂದೆ. "ನಮ್ಮ ತಾತ ಜಾವಾ ಇಟ್ಟಿದ್ದರು ಸಾರ್" ಎಂದಷ್ಟೇ ಉತ್ತರ ಬಂದಿತು. ಇಂಥ ಉತ್ತರಕ್ಕೆ ಭೌತವಿಜ್ಞಾನದಲ್ಲಿ ಪ್ರತ್ಯುತ್ತರವಿಲ್ಲ. ಆದರೆ ಮೂರರಲ್ಲಿ ಯಾವುದು ಎಂಬ ಪ್ರಶ್ನೆಗೆ ಭೌತವಿಜ್ಞಾನವು ಬಹುಮಟ್ಟಿಗೆ ಉತ್ತರ ಹೇಳಬಲ್ಲುದು. ಅದನ್ನೇ ಇಲ್ಲಿ ವಿಚಾರ ಮಾಡೋಣ.

ಪಾಶ್ಚಾತ್ಯ ದೇಶಗಳಲ್ಲಿ ಹಳೆಯ ಕ್ರೀಡಾಕಾರುಗಳ ವಿಷಯದಲ್ಲಿ ಇಂಥದೇ ಜಿಜ್ಞಾಸೆ ನಡೆಯುತ್ತದೆ. ಇಂಗ್ಲೆಂಡಿನ ಎಂ.ಜಿ.ಬಿ. ಕಾರನ್ನು ಕೊಳ್ಳುವವನು, 1974ಕ್ಕೆ ಮುಂಚಿನ ಕ್ರೋಮಿಯಂ ಬಂಪರಿನದು ಬೇಕೋ, ಅನಂತರದ ರಬ್ಬರು ಬಂಪರಿನದು ಸಾಕೋ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವನು. ನಮ್ಮ ಕರ್ನಾಟಕದಲ್ಲಿ ಆ ಸ್ಥಾನವು ಮೈಸೂರಿನ ಮೋಟಾರು ಸೈಕಲ್ಲಿಗೆ ಸಂದಿದೆ. 1929ರಲ್ಲಿ ಪ್ರಾಗ್ ನಗರದ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತನು ಜರ್ಮನಿಯ ವಾಂಡರರ್ ಕಂಪನಿಯ ಮೋಟಾರು ಸೈಕಲ್ಲನ್ನು ತಯಾರಿಸುವ ಹಕ್ಕು ಪಡೆದು, ಎರಡು ಹೆಸರುಗಳ ಮೊದಲಕ್ಷರಗಳನ್ನು ಜೋಡಿಸಿ 'ಜಾವಾ' ಎಂದು ಕರೆದನು. 1960ರಲ್ಲಿ ಸ್ಥಾಪಿತವಾದ ಐಡಿಯಲ್ ಜಾವಾ ಕಂಪನಿಯು ಅದೇ ವಾಹನವನ್ನು ಮೈಸೂರಿನ ಯಾದವಗಿರಿಯಲ್ಲಿ ತಯಾರಿಸತೊಡಗಿತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು 1961ರಲ್ಲಿ ಕಾರ್ಖಾನೆಯನ್ನು ಉದ್ಘಾಟಿಸಿದರು. 1970ರ ದಶಕದ ಮೊದಲ ಭಾಗದಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಎಂಬುದು ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಮತ್ತೊಂದು ಕಂಪನಿಯ ಕೈಯಲ್ಲಿ ಪುನಃ ಪೇಟೆಗೆ ಬಂದುವಾದರೂ ಆ ಹೊಸ ವಾಹನಗಳ ಎಂಜಿನ್ನು ಬೇರೆಯ ಜಾತಿಯದು. ನಮ್ಮ ವಿಚಾರಕ್ಕೆ ಸೇರತಕ್ಕುದಲ್ಲ.

ಒಂದು ಸಿಲಿಂಡರು, ಎರಡು ಹೊಗೆಕೊಳವೆ

ಮೈಸೂರಿನ ಹಳೆಯ ಮಾದರಿಗಳೆಲ್ಲವೂ ಎರಡು ಹೊಡೆತದ ಎಂಜಿನ್ನಿನವು. ಇದರ ಕಾರ್ಯವಿಧಾನ ತಿಳಿಯದೆ ಹಳೆಯ ಗಾಡಿಯನ್ನು ಪರೀಕ್ಷಿಸುವುದು, ನಾಡಿ ಹಿಡಿಯಲು ಬಾರದವನು ವೈದ್ಯ ಮಾಡಿದಂತೆ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಗಾಳಿ ಒಳಕ್ಕೆ ಬರಲು, ಹೊಗೆ ಹೊರಕ್ಕೆ ಹೋಗಲು ಕವಾಟಗಳಿರುತ್ತವೆ. ಎರಡು ಹೊಡೆತದ ಈ ಎಂಜಿನ್ನಿನಲ್ಲಿ ಕವಾಟಗಳೇ ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ. ಮೇಲೆ ಕೆಳಗೆ ಚಲಿಸುವ ಪಿಸ್ಟನ್ನೇ ಅವುಗಳನ್ನು ಮುಚ್ಚುತ್ತ ತೆರೆಯುತ್ತ ಹೋಗುತ್ತದೆ. ಪಿಸ್ಟನ್ನು ಮೇಲೇರುವಾಗ ಅದರ ಕೆಳಗಿನ ಕ್ರ್ಯಾಂಕ್ ಪೆಟ್ಟಿಗೆಯಲ್ಲಿ ಒತ್ತಡ ತಗ್ಗಿ, ಪೆಟ್ರೋಲು ಬೆರೆತ ಗಾಳಿಯು ಅದರೊಳಕ್ಕೆ ನುಗ್ಗುತ್ತದೆ. ಕೆಳಗಿಳಿಯುವಾಗ ಆ ಮಿಶ್ರಣವು ಅದುಮಲ್ಪಟ್ಟು ಪಕ್ಕದ ಕಿಂಡಿಗಳ ಮೂಲಕ ಪಿಸ್ಟನ್ನಿನ ಮೇಲ್ಭಾಗಕ್ಕೆ ಏರುತ್ತದೆ. ಏರುತ್ತ ಉರಿದ ಹೊಗೆಯನ್ನು ಹೊರಕ್ಕೆ ತಳ್ಳುತ್ತದೆ. ಆದ್ದರಿಂದ ಪ್ರತಿಯೊಂದು ಸುತ್ತಿಗೂ ಒಮ್ಮೆ ಸ್ಫೋಟ. ಹೊಗೆ ಹೋಗುವ ಕಿಂಡಿಗಳು ಎರಡಾದುದರಿಂದ ಸಿಲಿಂಡರು ಒಂದೇ ಆದರೂ ಹೊಗೆಕೊಳವೆಗಳು ಎರಡು. ಅದನ್ನು ಕಂಡು "ಡಬಲ್ ಎಂಜಿನ್" ಎಂದು ಹೇಳುವವರನ್ನು ಹಿರಿಯೂರಿನ ಸಂತೆಯಲ್ಲಿ ಇಂದಿಗೂ ಕಾಣಬಹುದು.

ಕ್ರ್ಯಾಂಕ್ ಪೆಟ್ಟಿಗೆಯೇ ಇಲ್ಲಿ ಗಾಳಿಯ ಪಂಪಾಗಿ ದುಡಿಯುವುದರಿಂದ ಅದರಲ್ಲಿ ಬೇರೆ ಎಂಜಿನ್ನುಗಳಂತೆ ಎಣ್ಣೆ ತುಂಬಿಡಲಾಗುವುದಿಲ್ಲ. ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು. ಒಂದಕ್ಕೆ ಇಪ್ಪತ್ತೈದರ ಪ್ರಮಾಣ ಎಂದರೆ ಲೀಟರಿಗೆ 40 ಮಿಲಿಲೀಟರು. ಐದು ಲೀಟರಿಗೆ 200. ಈ ಲೆಕ್ಕವನ್ನು ಅಲಕ್ಷಿಸಿದುದರ ಫಲವನ್ನು ನಾನೇ ಒಮ್ಮೆ ಉಂಡಿದ್ದೇನೆ. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಸುಮಾರು 40 ಕಿಲೋಮೀಟರು, ಮುಂಗಾರಿನ ಎದುರುಗಾಳಿ, ಕೈಯ ತಿರುಪನ್ನು ಪೂರ್ತಿ ತಿರುಗಿಸಿಕೊಂಡು ಹೋಗುತ್ತಿದ್ದೆ. ಬೆಳಗ್ಗೆ ಅವಸರದಲ್ಲಿ ಎಣ್ಣೆಯನ್ನು ಕಣ್ಣಳತೆಯಲ್ಲಿ ಸುರಿದಿದ್ದೆ. ಐಮಂಗಲ ದಾಟುವ ಹೊತ್ತಿಗೆ ಎಂಜಿನ್ನಿನ ದನಿ ಬಿಗಿಯಾಯಿತು. ಏಕೆಂದು ಯೋಚಿಸುವಷ್ಟರಲ್ಲಿ ಹಿಂದಿನ ಚಕ್ರ ತಿರುಗುವುದನ್ನೇ ನಿಲ್ಲಿಸಿ ಗಾಡಿ ಅಡ್ಡಡ್ಡ ಜಾರಿತು. ಕ್ಲಚ್ಚನ್ನು ಒತ್ತಿದ್ದರಿಂದ ಚಕ್ರ ಬಿಟ್ಟುಕೊಂಡಿತು. ಹಿಂದೆ ಬರುತ್ತಿದ್ದ ಲಾರಿಯವನು ಪುಣ್ಯಾತ್ಮ, ದೂರದಲ್ಲಿದ್ದನು.

ಮೆಕ್ಯಾನಿಕ್ಕುಗಳು "ಪಿಸ್ಟನ್ ಜಾಮ್" ಎನ್ನುವ ಈ ಅವಾಂತರದ ಕಾರಣವು ಪ್ರೌಢಶಾಲೆಯ ಉಷ್ಣಪಾಠದಲ್ಲಿದೆ. ಪಿಸ್ಟನ್ನು ಅಲ್ಯೂಮಿನಿಯಂ ಮಿಶ್ರಲೋಹದ್ದು. ಸಿಲಿಂಡರು ಎರಕದ ಕಬ್ಬಿಣದ್ದು. ಕಾಯಿಸಿದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಇಮ್ಮಡಿ ಹಿಗ್ಗುತ್ತದೆ. ಜಾವಾ ಸಿಲಿಂಡರಿನ ವ್ಯಾಸ 65 ಮಿಲಿಮೀಟರು. ಎರಡರ ಉಷ್ಣತೆಯೂ 100 ಡಿಗ್ರಿಯಷ್ಟು ಏರಿತೆಂದರೆ ಪಿಸ್ಟನ್ನಿನ ವ್ಯಾಸ ಸುಮಾರು 0.13 ಮಿ.ಮೀ. ಬೆಳೆಯುತ್ತದೆ, ಸಿಲಿಂಡರಿನದು ಸುಮಾರು 0.07. ವಾಸ್ತವವಾಗಿ ಪಿಸ್ಟನ್ನು ಸಿಲಿಂಡರಿಗಿಂತ ಬಹಳ ಹೆಚ್ಚು ಕಾಯುವುದರಿಂದ ವ್ಯತ್ಯಾಸ ಇನ್ನೂ ಅಧಿಕ. ನಡುವಣ ಸಂದು ಕೂದಲೆಳೆಯಷ್ಟೇ ಇರುವಾಗ, ಎಣ್ಣೆಯ ಪದರ ತೆಳುವಾಗಿ ಘರ್ಷಣೆಯ ಶಾಖವೂ ಕೂಡಿಕೊಂಡರೆ ಆ ಸಂದು ಮುಚ್ಚಿಹೋಗುತ್ತದೆ. ಹಳೆಯ ಎರಡು ಹೊಡೆತದ ಗಾಡಿಯನ್ನು ಓಡಿಸುವವರ ಎಡಗೈಯ ಎರಡು ಬೆರಳು ಸದಾ ಕ್ಲಚ್ಚಿನ ಮೇಲಿರುವುದು ಈ ಕಾರಣದಿಂದಲೇ.

ಇದಕ್ಕೆ ಇತ್ತೀಚೆಗೆ ಇನ್ನೊಂದು ತೊಡಕು ಸೇರಿದೆ. ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗದವರೆಗೆ ಎಥೆನಾಲ್ ಬೆರೆತಿರುತ್ತದೆ. ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು 14.7 ಕಿಲೋಗ್ರಾಂ ಗಾಳಿ ಬೇಕು; ಎಥೆನಾಲಿಗೆ 9 ಸಾಕು. ಹಳೆಯ ಕಾರ್ಬುರೇಟರಿನ ಜೆಟ್ಟು ಅಪ್ಪಟ ಪೆಟ್ರೋಲಿನ ಲೆಕ್ಕಕ್ಕೆ ಕೊರೆದ ರಂಧ್ರ. ಅದು ಹಳೆಯ ಅಳತೆಯಲ್ಲೇ ಇಂಧನ ಬಿಡುವುದರಿಂದ ಮಿಶ್ರಣದಲ್ಲಿ ಗಾಳಿ ನೂರಕ್ಕೆ ಸುಮಾರು ಎಂಟರಷ್ಟು ಹೆಚ್ಚಾಗಿ, ಎಂಜಿನ್ನು ಹೆಚ್ಚು ಕಾಯುತ್ತದೆ. ಚಿತ್ರದುರ್ಗವು ಸಮುದ್ರಮಟ್ಟಕ್ಕಿಂತ 700 ಮೀಟರಿಗೂ ಎತ್ತರದಲ್ಲಿದ್ದು ಇಲ್ಲಿನ ಗಾಳಿ ತುಸು ವಿರಳವಾದುದರಿಂದ ಈ ದೋಷವು ಸ್ವಲ್ಪ ಮಟ್ಟಿಗೆ ಸರಿದೂಗುತ್ತದೆ, ಪೂರ್ತಿ ಅಲ್ಲ. ಜೆಟ್ಟನ್ನು ಒಂದು ಅಳತೆ ದೊಡ್ಡದು ಹಾಕಿಸುವುದು, ಎಥೆನಾಲಿಗೆ ಊದಿಕೊಳ್ಳುವ ಹಳೆಯ ರಬ್ಬರು ಕೊಳವೆಗಳನ್ನು ಬದಲಿಸುವುದು, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಪೆಟ್ರೋಲು ನಿಲ್ಲಿಸದಿರುವುದು, ಇವಿಷ್ಟನ್ನು ಯಾವ ಮಾದರಿಯನ್ನು ಕೊಂಡರೂ ಮಾಡಲೇಬೇಕು.

ಹನ್ನೆರಡೋ, ಹದಿನಾರೋ?

ಈಗ ಮಾದರಿಗಳ ಮಾತು. 1960ರ ದಶಕದ ಜಾವಾ 250, ಬಲ್ಲವರು 353 ಎಂಬ ಸಂಖ್ಯೆಯಿಂದ ಕರೆಯುವುದು, ಸುಮಾರು 12 ಅಶ್ವಶಕ್ತಿಯದು. 1978ರಲ್ಲಿ ಬಂದ ರೋಡ್‌ಕಿಂಗ್ 16 ಅಶ್ವಶಕ್ತಿಯದು. ಸಿಲಿಂಡರಿನ ಗಾತ್ರದಲ್ಲಿ ಭೇದವಿಲ್ಲ: ವ್ಯಾಸ 65, ಪಿಸ್ಟನ್ನಿನ ಓಟ 75 ಮಿ.ಮೀ.; ಗುಣಿಸಿ ನೋಡಿದರೆ 249 ಘನ ಸೆಂಟಿಮೀಟರಿಗೆ ಕೂದಲೆಳೆ ಕಡಮೆ. ವಿದ್ಯಾರ್ಥಿಯ ತರ್ಕ ಸರಳವಾಗಿತ್ತು: "ಶಕ್ತಿ ಮೂರರಲ್ಲೊಂದು ಪಾಲು ಹೆಚ್ಚು, ವೇಗವೂ ಅಷ್ಟೇ ಹೆಚ್ಚಲ್ಲವೆ ಸಾರ್?"

ಅಲ್ಲ. ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅದನ್ನು ಸೀಳಲು ಬೇಕಾದ ಶಕ್ತಿಯಾದರೋ ವೇಗದ ಘನಕ್ಕೆ ಅನುಗುಣ. ಇಬ್ಬರು ಸವಾರರೂ ಗಾಡಿಯೂ ಕೂಡಿ 260 ಕಿಲೋಗ್ರಾಂ ಎಂದು ಭಾವಿಸಿ ಲೆಕ್ಕ ಹಾಕಿದರೆ, ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ವೇಗಕ್ಕೆ ಚಕ್ರದಲ್ಲಿ ಸುಮಾರು ಎರಡೂಕಾಲು ಅಶ್ವಶಕ್ತಿ ಸಾಕು. ವೇಗವನ್ನು 100ಕ್ಕೆ ಏರಿಸಿದರೆ ಹನ್ನೆರಡು ಬೇಕು. ಶಕ್ತಿಯನ್ನು 12ರಿಂದ 16ಕ್ಕೆ ಏರಿಸಿದರೆ ಪರಮಾವಧಿ ವೇಗವು ಅದರ ಘನಮೂಲದಷ್ಟು, ಎಂದರೆ ನೂರಕ್ಕೆ ಹತ್ತರಷ್ಟು ಮಾತ್ರ ಹೆಚ್ಚುತ್ತದೆ. ಹೊಳಲ್ಕೆರೆಯ ಹಾದಿಯ ಏರೊಂದನ್ನು, ಹದಿನೈದಕ್ಕೆ ಒಂದರ ಏರು ಎಂದಿಟ್ಟುಕೊಳ್ಳಿ, ಇಬ್ಬರನ್ನು ಹೊತ್ತು 50ರ ವೇಗದಲ್ಲಿ ಹತ್ತಲು ಐದೂವರೆ ಅಶ್ವಶಕ್ತಿ ಸಾಕಾಗುತ್ತದೆ. ಕಾಲೇಜಿಗೆ ಹೋಗಿಬರುವವನಿಗೆ ಹನ್ನೆರಡು ಧಾರಾಳ.

ಹಾಗಾದರೆ ರೋಡ್‌ಕಿಂಗಿನ ನಾಲ್ಕು ಅಶ್ವಶಕ್ತಿ ವ್ಯರ್ಥವೆ? ಹಾಗೂ ಅಲ್ಲ. ಜೋಗಿಮಟ್ಟಿಯ ಸಾಲಿನಲ್ಲಿ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಹಿರಿಯೂರಿನಿಂದ ವಾಯವ್ಯಕ್ಕೆ, ದುರ್ಗದ ಕಡೆಗೆ ಹೊರಟರೆ ಗಾಳಿ ಬಹುಪಾಲು ಎದುರಿನಿಂದ ಬೀಸುತ್ತದೆ. ಗಾಡಿಯ ವೇಗ 60, ಎದುರುಗಾಳಿಯ ವೇಗ 20 ಎಂದಾದರೆ ಮೈಗೆ ತಾಕುವ ಗಾಳಿ 80ರದು. ತಡೆಯ ಬಲ ಒಂದೂಮುಕ್ಕಾಲರಷ್ಟಾಗುತ್ತದೆ. ಹನ್ನೆರಡು ಅಶ್ವಶಕ್ತಿಯ ಎಂಜಿನ್ನನ್ನು ಇಂಥಲ್ಲಿ ಹೆಚ್ಚು ದುಡಿಸಬೇಕಾದಾಗ, ಹದಿನಾರರದು ಬೆವರದೆ ಹೋಗುತ್ತದೆ. ಐಮಂಗಲದ ನನ್ನ ಕಥೆಯಲ್ಲಿ ಎಣ್ಣೆಯ ತಪ್ಪಿನ ಜೊತೆಗೆ ಇದರ ಪಾಲೂ ಇತ್ತು. ಆದ್ದರಿಂದ ಹೆದ್ದಾರಿಯಲ್ಲಿ ಮೇಲಿಂದ ಮೇಲೆ ಹೋಗಬೇಕಾದವರಿಗೆ ರೋಡ್‌ಕಿಂಗ್. ಊರಿಂದೂರಿಗೆ ಒಳದಾರಿಯಲ್ಲಿ ಹೋಗುವವರಿಗೆ ಹಳೆಯ ಜಾವಾ ಅಥವಾ ಅದರ ನೇರ ಸಂತತಿಯಾದ ಮೊದಮೊದಲ ಯೆಜ್ಡಿ 250. ಇದು ನನ್ನ ಅಭಿಪ್ರಾಯ. ಒಪ್ಪದವರು ಬಹಳ ಮಂದಿ ಇದ್ದಾರೆ, ಅವರಲ್ಲಿ ಹೆಚ್ಚಿನವರ ಬಳಿ ರೋಡ್‌ಕಿಂಗ್ ಇದೆ.

ಹಳೆಯ ಜಾವಾದಲ್ಲಿ ಮನಸ್ಸನ್ನು ಸೆಳೆಯುವ ಗುಣಗಳು ಬೇರೆ ಇವೆ. ಗೇರಿನ ಸನ್ನೆಯೇ ಕಿಕ್ಕರ್ ಕೂಡ. ಅದನ್ನು ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿ ತುಳಿದರೆ ಎಂಜಿನ್ನು ಹೊರಡುತ್ತದೆ, ಮತ್ತೆ ಮುಂದಕ್ಕೆ ತಂದರೆ ಗೇರು ಹಾಕುತ್ತದೆ. ಗೇರು ಬದಲಿಸಲು ಕಾಲಿನಿಂದ ಒತ್ತಿದಾಗ ಕ್ಲಚ್ಚು ತಾನಾಗಿ ಬಿಡುವಂತೆಯೂ ಏರ್ಪಾಡಿದೆ. ಅರವತ್ತು ವರ್ಷಗಳ ಹಿಂದಿನ ಯಂತ್ರದಲ್ಲಿ ಇಂಥ ಉಪಾಯ ಕಂಡು ಯಾರಾದರೂ ತಲೆದೂಗುವರು. ಆದರೆ ಟ್ಯಾಂಕಿನ ಪಕ್ಕದ ಕ್ರೋಮಿಯಂ ಲೇಪವೂ ಮೂಲ ದೀಪದ ಬುರುಡೆಯೂ ಈಗ ಸಂಗ್ರಾಹಕರ ಸೊತ್ತು; ಅವುಗಳ ಬೆಲೆ ಎಂಜಿನ್ನಿನ ರಿಪೇರಿಯನ್ನೇ ಮೀರಿಸುವುದುಂಟು.

ಎರಡು ಸಿಲಿಂಡರಿನ 350ರ ವಿಷಯವನ್ನು ಬೇಗ ಮುಗಿಸಬಹುದು. 1980ರ ದಶಕದಲ್ಲಿ ಅಲ್ಪಕಾಲ ತಯಾರಾದ ಅದರ ಓಟ ಸೊಗಸು, ದನಿ ಇನ್ನೂ ಸೊಗಸು. ಬಿಡಿಭಾಗಗಳು ವಿರಳ, ಪಿಸ್ಟನ್ನು ಎರಡು, ಕೆಡತಕ್ಕುದೆಲ್ಲವೂ ಎರಡು. ಹಾಲಿನ ಹಣದಲ್ಲಿ ಕೊಳ್ಳುವ ಗಾಡಿಯಲ್ಲ.

ಶಕ್ತಿಗಿಂತ ಮುಖ್ಯವಾದುದು ನಿಲ್ಲಿಸುವ ಬಲ. ಈ ಎಲ್ಲ ಮಾದರಿಗಳಲ್ಲೂ ಇರುವುದು ಡ್ರಮ್ ಬ್ರೇಕು. 260 ಕಿಲೋಗ್ರಾಂ ತೂಕವು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 36,000 ಜೂಲು, 80ರಲ್ಲಿ 64,000. ಒಳ್ಳೆಯ ಸ್ಥಿತಿಯ ಡ್ರಮ್ ಬ್ರೇಕು ಸೆಕೆಂಡಿಗೆ 4 ಮೀಟರಿನಂತೆ ವೇಗವನ್ನು ತಗ್ಗಿಸಿತೆಂದು ಹಿಡಿದರೂ ಮೊದಲನೆಯದಕ್ಕೆ 35 ಮೀಟರು, ಎರಡನೆಯದಕ್ಕೆ 62 ಮೀಟರು ಬೇಕು. ಮುಂದೆ ಹೋಗುತ್ತಿರುವ ಇಂದಿನ ಕಾರು ಅದರ ಅರ್ಧ ದೂರದಲ್ಲಿ ನಿಲ್ಲುತ್ತದೆ. ಆದುದರಿಂದ ಗಾಡಿ ನೋಡಲು ಹೋದಾಗ ಮೊದಲು ಎಂಜಿನ್ನಿನ ದನಿಗೆ ಕಿವಿಗೊಡದೆ ಚಕ್ರ ಬಿಚ್ಚಿಸಿ ಬ್ರೇಕಿನ ಪಟ್ಟಿಯನ್ನೂ ಡ್ರಮ್ಮಿನ ದುಂಡನ್ನೂ ನೋಡಬೇಕು.

ರಾತ್ರಿಯ ದೀಪವೂ ಇಷ್ಟೇ ಗಂಭೀರ ವಿಷಯ. ಹಳೆಯ ಜಾವಾದ ವಿದ್ಯುತ್ತು 6 ವೋಲ್ಟಿನದು. 24 ವಾಟಿನ ದೀಪಕ್ಕೆ 6 ವೋಲ್ಟಿನಲ್ಲಿ 4 ಆಂಪೇರು ಹರಿಯಬೇಕು, 12 ವೋಲ್ಟಿನಲ್ಲಾದರೆ 2 ಸಾಕು. ತುಕ್ಕು ಹಿಡಿದ ತಂತಿ ಗುಂಡಿಗಳ ತಡೆ ಕೇವಲ ಕಾಲು ಓಮ್ ಎನ್ನಿ. 6 ವೋಲ್ಟಿನಲ್ಲಿ ಒಂದು ವೋಲ್ಟು, ಎಂದರೆ ಆರರಲ್ಲೊಂದು ಪಾಲು, ದಾರಿಯಲ್ಲೇ ನಷ್ಟ. 12ರಲ್ಲಿ ನಷ್ಟವಾಗುವುದು ಅರ್ಧ ವೋಲ್ಟು, ಇಪ್ಪತ್ತನಾಲ್ಕರಲ್ಲೊಂದು ಪಾಲು. ತಂತುದೀಪದ ಬೆಳಕು ವೋಲ್ಟು ಇಳಿದುದಕ್ಕಿಂತ ಬಹು ವೇಗವಾಗಿ ಇಳಿಯುವುದರಿಂದ, ಆರರಲ್ಲೊಂದು ಪಾಲು ವೋಲ್ಟು ಕಳೆದಾಗ ಬೆಳಕು ಸುಮಾರು ಅರ್ಧಕ್ಕೆ ಬರುತ್ತದೆ. ಹಳೆಯ ಜಾವಾದ ದೀಪ ಮಿಣುಕುಹುಳುವಿನಂತೆ ಎಂದು ದೂರುವವರು ಡೈನಮೋವನ್ನು ಬಯ್ಯುವ ಮೊದಲು ತಂತಿ ಬದಲಿಸಿ ನೋಡುವುದು ಮೇಲು.

ಹೊಗೆಯ ಬಣ್ಣ, ಕಾಗದದ ಸಂಖ್ಯೆ

ಒಳಗಿನ ರೋಗವನ್ನು ಹೊರಗಿನಿಂದ ತಿಳಿಯುವ ಒಂದು ಉಪಾಯವನ್ನು ಹೇಳಬೇಕು. ಕ್ರ್ಯಾಂಕಿನ ಎರಡು ತುದಿಗಳಲ್ಲಿ ಗಾಳಿ ಸೋರದಂತೆ ರಬ್ಬರಿನ ಸೀಲುಗಳಿವೆ. ಎಡಬದಿಯಲ್ಲಿ ಕ್ಲಚ್ಚೂ ಗೇರಿನ ಎಣ್ಣೆಯೂ, ಬಲಬದಿಯಲ್ಲಿ ಡೈನಮೋ. ಎಡಸೀಲು ಸವೆದರೆ ಕ್ರ್ಯಾಂಕ್ ಪೆಟ್ಟಿಗೆಯು ಗೇರಿನ ಎಣ್ಣೆಯನ್ನು ಹೀರುತ್ತದೆ. ಎಂಜಿನ್ನು ಕಾದ ಮೇಲೂ ದಟ್ಟವಾದ ಬಿಳಿಯ ಹೊಗೆ ನಿಲ್ಲುವುದಿಲ್ಲ, ಗೇರುಪೆಟ್ಟಿಗೆಯ ಎಣ್ಣೆ ಕಾರಣವಿಲ್ಲದೆ ಕಡಮೆಯಾಗುತ್ತದೆ. ಬಲಸೀಲು ಸವೆದರೆ ಹೀರುವುದು ಬರಿಯ ಗಾಳಿಯನ್ನು. ಹೊಗೆ ಕಾಣದು, ಬದಲಿಗೆ ಕೈ ಬಿಟ್ಟರೂ ಎಂಜಿನ್ನು ತಾನಾಗಿ ವೇಗವೇರಿ ಒದರುತ್ತದೆ, ಸ್ಪಾರ್ಕ್ ಪ್ಲಗ್ಗು ಕಂದುಬಣ್ಣದ ಬದಲು ಬೆಳ್ಳಗಿರುತ್ತದೆ. ಹೊಗೆಯಿಲ್ಲವೆಂದು ಗಿರಾಕಿ ಹಿಗ್ಗುವುದು ಈ ಎರಡನೆಯದರ ಮುಂದೆ, ಅಪಾಯಕರವಾದುದೂ ಇದೇ.

ಯಂತ್ರ ನೋಡಿದ್ದಾಯಿತು. ಇನ್ನು ಕಾಗದ. ನೋಂದಣಿ ಪುಸ್ತಕದಲ್ಲಿರುವ ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆಗಳು ಲೋಹದ ಮೇಲೆ ಒತ್ತಿರುವ ಸಂಖ್ಯೆಗಳೊಡನೆ ಅಕ್ಷರಶಃ ಹೊಂದಬೇಕು. ಎಂ.ವೈ. ಎಂದು ಆರಂಭವಾಗುವ ಮೈಸೂರು ಕಾಲದ ಫಲಕ ಕಂಡು ಮಾರುಹೋಗಬಾರದು. ಹದಿನೈದು ವರ್ಷ ಕಳೆದ ಬಳಿಕ ವಾಹನವನ್ನು ಪರೀಕ್ಷೆಗೆ ಒಡ್ಡಿ ಐದೈದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಬೇಕು; ಅದು ತಪ್ಪಿದ್ದರೆ ಹಿಂದಿನ ಬಾಕಿಯೆಲ್ಲ ಕೊಂಡವನ ಕೊರಳಿಗೆ. 2021ರ ಜುಲೈಯಲ್ಲಿ ಬಂದ ಕೇಂದ್ರ ನಿಯಮದಂತೆ, 50 ವರ್ಷ ದಾಟಿ ಮೂಲರೂಪದಲ್ಲಿ ಉಳಿದಿರುವ ವಾಹನವನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಹೊಳಲ್ಕೆರೆಯ ಜಾವಾ ಇದಕ್ಕೆ ಅರ್ಹ. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನಕ್ಕೆ, ರ್‍ಯಾಲಿಗೆ, ಸಂಶೋಧನೆಗೆ, ಪೆಟ್ರೋಲು ಹಾಕಿಸಲು, ರಿಪೇರಿಗೆ ಮಾತ್ರ ರಸ್ತೆಗಿಳಿಸಬಹುದು, ನಿತ್ಯದ ಓಡಾಟಕ್ಕಲ್ಲ. ಕಾಲೇಜಿಗೆ ಹೋಗುವವನು ಆ ಗೌರವವನ್ನು ಬಿಟ್ಟು, ಸಾಮಾನ್ಯ ನೋಂದಣಿಯನ್ನೇ ಉಳಿಸಿಕೊಳ್ಳಬೇಕು.

ಇಷ್ಟನ್ನು ತಿಳಿದುಕೊಂಡು ನಾವಿಬ್ಬರೂ ಮೂರು ಗಾಡಿಗಳನ್ನೂ ನೋಡಿ ಬಂದೆವು. ಚಿತ್ರದುರ್ಗದ 350 ಅರ್ಧ ಬೀದಿಯನ್ನು ಬಿಳಿಯ ಹೊಗೆಯಲ್ಲಿ ಮುಳುಗಿಸಿತು. ಹಿರಿಯೂರಿನ ರೋಡ್‌ಕಿಂಗಿನ ದನಿಯೂ ಬಣ್ಣವೂ ಮೆಚ್ಚುವಂತಿದ್ದುವು. ಮಾದರಿಯ ದೃಷ್ಟಿಯಿಂದ ಅದನ್ನೇ ಆರಿಸುತ್ತಿದ್ದೆನೋ ಏನೋ. ಚಾಸಿ ಸಂಖ್ಯೆಯ ಮೇಲೆ ಉಗುರಿನಿಂದ ಕೆರೆದಾಗ ಬಣ್ಣದ ಕೆಳಗೆ ಅರದ ಗೆರೆಗಳು ಕಂಡವು. ಹುಡುಗನೇ ಮೊದಲು ಕಂಡು, ಮಾತಾಡದೆ ಎದ್ದು ನಿಂತನು. ಹೊಳಲ್ಕೆರೆಯ ಜಾವಾ ಅಪ್ಪಟವಾದುದು, ಕಾಗದವೂ ನೇರ. ಆದರೆ ವರ್ಷಗಟ್ಟಲೆ ನಿಂತು ಪಿಸ್ಟನ್ನು ಸಿಲಿಂಡರಿಗೆ ಅಂಟಿಕೊಂಡಿತ್ತು; ತೋಟದವರು ಕೇಳಿದ ಬೆಲೆ ಸಂಗ್ರಾಹಕರ ಬೆಲೆ. ಹುಡುಗನು ಅದರ ಟ್ಯಾಂಕಿನ ಮೇಲೆ ಬಹಳ ಹೊತ್ತು ಕೈಯಿಟ್ಟುಕೊಂಡಿದ್ದನು.

ಕೊನೆಗೆ ಅವನು ಕೊಂಡದ್ದು ನಾಲ್ಕನೆಯದು. ನಿವೃತ್ತ ಉಪಾಧ್ಯಾಯರೊಬ್ಬರು ಮೊದಲ ದಿನದಿಂದ ತಾವೇ ಇಟ್ಟುಕೊಂಡಿದ್ದ, ಬಣ್ಣ ಮಾಸಿದ, 1970ರ ದಶಕದ ಯೆಜ್ಡಿ 250. ಬೋರ್ ಒಮ್ಮೆ ಮಾತ್ರ ಮಾಡಿಸಿದ್ದು, ಕಾಲು ಮಿಲಿಮೀಟರು ದೊಡ್ಡ ಪಿಸ್ಟನ್ನು. ಎರಡು ಸೀಲುಗಳು, ಬ್ರೇಕಿನ ಪಟ್ಟಿಗಳು, ದೀಪದ ತಂತಿ, ಜೆಟ್ಟು ಇಷ್ಟನ್ನು ಬದಲಿಸಿದ ಮೇಲೂ ತಾಯಿ ಕೊಟ್ಟ ಹಣದಲ್ಲಿ ಸ್ವಲ್ಪ ಉಳಿಯಿತು. ಉಪಾಧ್ಯಾಯರು ಗಾಡಿಯ ಜೊತೆಗೆ ಒಂದು ಹಿತ್ತಾಳೆಯ ಅಳತೆಯ ಲೋಟವನ್ನೂ ಕೊಟ್ಟರು. ಅದರ ಒಳಬದಿಯಲ್ಲಿ ಮೊಳೆಯಿಂದ ಗೀರಿದ ಐದು ಗೆರೆಗಳಿವೆ. ಒಂದೊಂದು ಗೆರೆ ಒಂದೊಂದು ಲೀಟರು ಪೆಟ್ರೋಲಿನ ಎಣ್ಣೆ. ನನ್ನ ಮನೆಯ ಗಾಜಿನ ಅಳತೆಯಲ್ಲಿ ಪರೀಕ್ಷಿಸಿ ನೋಡಿದೆ. ಗೆರೆಗೆ ಸರಿಯಾಗಿ 40 ಮಿಲಿಲೀಟರು.